ಚಂದ್ರಾಮಪ್ಪನ ಮೂರು ಚುಕ್ಕಿ

“ಸಾಹೇಬ್ರ, ಆ ಭುಜಾ ಗಟ್ಟಿ ಹಿಡೀರಿ. ಬಲಕ್ಕ ವಾಲಾಕತ್ತಾರ.”

ಸೋಮಲಿಂಗನ ಮಾತಿಗೆ ತಿಮ್ಮಯ್ಯನವರು ಒಂದು ಕ್ಷಣ ಹಿಂಜರಿದು, ಆಮೇಲೆ ಎರಡೂ ಕೈಗಳಿಂದ ಚಂದ್ರಾಮಪ್ಪನ ಬಲಭುಜವನ್ನು ಹಿಡಿದು ನಿಂತರು. ಸ್ನಾನ ಮಾಡಿಸಿ, ಹಣೆ ತೋಳುಗಳಿಗೆ ವಿಭೂತಿ ಬಳಿದು, ಅಂಗಳದ ಮಣೆಯ ಮೇಲೆ ಕುಳ್ಳಿರಿಸಿದ್ದ ದೇಹವನ್ನು ಬೆನ್ನ ಹಿಂದಿನ ಹಲಗೆಗೆ ಬಿಗಿಯುವ ಕೆಲಸ ನಡೆದಿತ್ತು. ಸತ್ತವನ ಹೆಂಡತಿಯ ತಮ್ಮನಾದ ಸೋಮಲಿಂಗ ಬಿಳಿಯ ಪಟ್ಟಿಯನ್ನು ಕಂಕುಳಡಿಯಿಂದ ತೂರಿಸಿ ಹಿಂದೆ ಗಂಟು ಹಾಕಿದ. ನಾಲ್ವತ್ತು ವರ್ಷ ಸುತ್ತಿಗೆ ಬೀಸಿದ ಭುಜ; ಅಂಗಿಯ ಮೇಲಿನಿಂದಲೂ ಅದರ ಗಡಸು ಅಂಗೈಗೆ ತಾಕುತ್ತಿತ್ತು. ಬದುಕಿದ್ದಾಗ ತಿಮ್ಮಯ್ಯನವರು ಆ ಭುಜವನ್ನು ಒಮ್ಮೆಯೂ ಮುಟ್ಟಿದವರಲ್ಲ.

ಔರಂಗಾಬಾದಿನಿಂದ ಬಿಡಕಿನ್ನಿಗೆ ಹೋಗುವ ರಸ್ತೆಯ ಬದಿಯ ಆ ತಗಡಿನ ಮನೆಗೆ ಅವರು ಬಂದು ಇನ್ನೂ ಗಂಟೆಯಾಗಿರಲಿಲ್ಲ. ರಾತ್ರಿ ಸಾವಿನ ಸುದ್ದಿ ತಿಳಿದು, ಬೆಳಗಿನ ಗಾಡಿಗೆ ನಾಸಿಕದಿಂದ ಹೊರಟಿದ್ದರು. ಮನ್ಮಾಡದಲ್ಲಿ ಗಾಡಿ ನಿಂತಾಗ ಇಳಿದು ಹಿಂದಿರುಗಿಬಿಡೋಣವೆಂದು ಎದ್ದು ಬಾಗಿಲವರೆಗೂ ಹೋಗಿದ್ದರು; ಜೊತೆಗಿದ್ದ ಕಿಟ್ಟಣ್ಣ ಬಿಡಲಿಲ್ಲ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಬ್ಬರೂ ಇಪ್ಪತ್ತೆಂಟು ವರ್ಷ ಒಟ್ಟಿಗೆ ದುಡಿದವರು. ಒಂಬತ್ತು ವರ್ಷದ ಹಿಂದೆ ಮುರಿದ ಮೊಣಕಾಲು ಮಡಚಲಾಗದೆ ಎದುರಿನ ಸೀಟಿನ ಮೇಲೆ ಅದನ್ನು ಚಾಚಿಕೊಂಡು ಕುಳಿತಿದ್ದ ಕಿಟ್ಟಣ್ಣ, “ಈ ಕಾಲು ಮುರಿಸಿದವನನ್ನು ನೋಡಲು ನಾನೇ ಹೊರಟಿದ್ದೇನೆ, ನಿಮಗೇನಯ್ಯ ಸಂಕಟ? ನಿಮ್ಮದು ಬರೀ ತಗಡು ನುಗ್ಗಾಯಿತು” ಎಂದು ನಗೆಯಾಡಿದ್ದರು. ತಿಮ್ಮಯ್ಯನವರು ನಕ್ಕಿರಲಿಲ್ಲ.

ಅಂಗಳದ ಬೇವಿನ ನೆರಳಿನಲ್ಲಿ ಬಿಡಕಿನ್ನಿನ ಕಟ್ಟಡದ ಕೂಲಿಯವರು ಅರ್ಧ ದಿನದ ರಜೆ ಕೇಳಿಕೊಂಡು ಬಂದು ಕುಳಿತಿದ್ದರು. ತಮ್ಮ ಹಾರೆ ಪಿಕಾಸಿಗಳಿಗೆ ಚಂದ್ರಾಮಪ್ಪ ಮೊನೆ ತಟ್ಟಿಕೊಡುತ್ತಿದ್ದುದನ್ನೂ, ಅವನು ತಟ್ಟಿದ ಮೊನೆ ಈ ಕಡೆಯ ಕರಿಕಲ್ಲಿಗೂ ಮಣಿಯದಿದ್ದುದನ್ನೂ ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಕೈತೊಳೆದು ಬಂದ ಸೋಮಲಿಂಗ ಅವರ ನಡುವೆ ಕುಕ್ಕರಿಸಿದ.

“ಹಾರಿ ತಟ್ಟೂ ಮನಶ್ಯಾ ಅಲ್ರಪಾ ನಮ್ಮ ಮಾಮಾ. ನಾಸಿಕದಾಗ ಟ್ರಕ್ಕಿನವರು ಲೈನ್ ಹಚ್ಚಿ ನಿಂದರತಿದ್ರು. ಒಂದ ಒಂದು ಆಕ್ಸಲ್ ಕೈ ಕೊಟ್ಟಿತು, ಎಲ್ಲಾ ಖತಂ.”

ಹೇಳಿದ ಮೇಲೆ ನಾಸಿಕದ ಅತಿಥಿಗಳು ಕೇಳಿಸಿಕೊಂಡರೆಂಬುದು ಅವನ ಅರಿವಿಗೆ ಬಂದು, ನಾಲಗೆ ಕಚ್ಚಿಕೊಂಡು ಎದ್ದುಹೋದ.

*

ನಾಸಿಕದ ದ್ವಾರಕಾ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಚಂದ್ರಾಮಪ್ಪನ ಕುಲುಮೆಯಿತ್ತು. ಇಂಡಿ ತಾಲೂಕಿನ ಕಡೆಯಿಂದ ಬಂದ ಕಂಬಾರ. ಮಾಲೆಗಾಂವ, ಮನ್ಮಾಡಗಳ ಲಾರಿ ಮಾಲೀಕರು ಬಾಗಿದ ಮುಂದಿನ ಆಕ್ಸಲ್ಲುಗಳನ್ನು ಅವನಲ್ಲಿಗೇ ತರುತ್ತಿದ್ದರು. ಕೆಲಸ ಮುಗಿದ ಮೇಲೆ ಅವನು ಉಕ್ಕಿನ ಮೊಳೆಯೊಂದನ್ನು ಹಿಡಿದು ಆಕ್ಸಲ್ಲಿನ ತುದಿಯಲ್ಲಿ ಸಾಲಾಗಿ ಮೂರು ಚುಕ್ಕಿ ಹೊಡೆಯುವನು. ಆ ಚುಕ್ಕಿ ಕಂಡ ಮೇಲೆ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ.

ತಿಮ್ಮಯ್ಯನವರಿಗೂ ಒಂದು ಗುರುತಿತ್ತು. ಕಾರ್ಖಾನೆಯಲ್ಲಿ ಅವರು ತಪಾಸಣೆಯ ಅಧಿಕಾರಿ. ಅವರು ಒಪ್ಪಿದ ಬಿಡಿಭಾಗದ ಮೇಲೆ ಅವರ ಅಂಕಿಯ ಮುದ್ರೆ ಬೀಳುತ್ತಿತ್ತು. ಮುದ್ರೆಯನ್ನು ಇನ್ನೊಬ್ಬನ ಕೈಗೆ ಕೊಡುವವನು ತನ್ನ ಹೆಸರನ್ನೇ ಕೊಟ್ಟಂತೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವರು ಅವರೇ.

ಎರಡು ಸಾವಿರದ ಏಳರಲ್ಲಿ ದೇವಳಾಲಿಯ ಹಳೆಯ ಬಂಗಲೆಯೊಂದರ ಕೊಟ್ಟಿಗೆಯಿಂದ ಅವರು ಒಂದು ಮಾರಿಸ್ ಕಾರನ್ನು ಕೊಂಡು ತಂದರು. ಅವರಿಗಿಂತ ಐದು ವರ್ಷ ಹಿರಿಯ ಕಾರು. ಹಳೆಯ ಕಾರುಗಳ ಕ್ಲಬ್ಬಿನ ಮೆರವಣಿಗೆಯಲ್ಲಿ ಅದರ ಮೂತಿ ನಾಲ್ಕು ಬೆರಳು ತಗ್ಗಿ ನಿಂತರೆ ನೋಟಕ್ಕೆ ಚೆನ್ನವೆಂಬ ಆಸೆ ಹುಟ್ಟಿತು. ಅದಕ್ಕೆ ಮುಂದಿನ ಆಕ್ಸಲ್ಲಿನ ಎರಡೂ ತುದಿಗಳನ್ನು ಕಾಯಿಸಿ ಬಾಗಿಸಬೇಕು. ಚಂದ್ರಾಮಪ್ಪ ಕಾರಿನಡಿ ಮಲಗಿ ನೋಡಿ, ಎದ್ದು ಮೈ ಕೊಡವಿಕೊಂಡು ಹದಿನೈದು ದಿನ ಬೇಕೆಂದ. ಮೆರವಣಿಗೆಗೆ ಉಳಿದಿದ್ದುದು ಎಂಟೇ ದಿನ.

“ಕಾಸಿದ ಮ್ಯಾಲ ಬೂದ್ಯಾಗ ಹುಗದು ಇಡಬೇಕ್ರೀ, ಸಾಹೇಬ್ರ. ತಾನ ಆರಬೇಕು. ಅವಸರ ಮಾಡಿದ್ರ ಕಬ್ಬಣ ಸಿಟ್ಟಿಗೇಳತದ.”

ಕಬ್ಬಿಣಕ್ಕೂ ಸಿಟ್ಟು! ತಿಮ್ಮಯ್ಯನವರು ಮನೆಗೆ ಬಂದು ಹೆಂಡತಿ ಪ್ರೇಮಾಳೆದುರು ಅದನ್ನೇ ಹೇಳಿ ನಕ್ಕರು. ಯಾವ ಉಕ್ಕಿಗೆ ಎಷ್ಟು ಶಾಖ, ಎಷ್ಟು ಹೊತ್ತು ಎಂಬ ಕೋಷ್ಟಕಗಳನ್ನು ಮೂವತ್ತು ವರ್ಷ ಓದಿದವರು. ಓದು ಬಾರದವನು ಮಾಡುವುದನ್ನು ತಾವು ಮಾಡಲಾರರೆ? ಗ್ಯಾಸಿನ ಉರಿ, ಸರಪಳಿ, ಜಾಕು ಎಲ್ಲವನ್ನೂ ತರಿಸಿಕೊಂಡರು. ಆದರೆ ಕೆಂಪಗೆ ಕಾದ ಕಬ್ಬಿಣವನ್ನು ಅವರು ದೂರದಿಂದ ನೋಡಿದ್ದರೇ ಹೊರತು ಬಾಗಿಸಿದವರಲ್ಲ. ಹೇಗೋ ಬಾಗಿಸಿದರು; ಮೆರವಣಿಗೆಯ ಹಿಂದಿನ ದಿನ, ಶನಿವಾರ ಸಂಜೆಯಾದರೂ ಆಕ್ಸಲ್ಲು ಆರಲಿಲ್ಲ. ಅದಕ್ಕೆ ಬಣ್ಣ ಬಳಿಯಬೇಕು, ಚಕ್ರ ಕೂಡಿಸಬೇಕು. ತೋಯಿಸಿದ ಗೋಣಿಚೀಲವನ್ನು ಅದರ ಮೇಲೆ ಹೊದಿಸಿದರು. ಭುಸ್ಸೆಂದು ಆವಿ ಎದ್ದಿತು. ತಪ್ಪೆಂದು ಅವರಿಗೆ ಗೊತ್ತಿತ್ತು. ಕೋಷ್ಟಕದಲ್ಲಿ ಅದೂ ಬರೆದಿತ್ತು.

ಮೂಲ ಭಾಗಗಳನ್ನು ಬದಲಿಸಿದ್ದರೆ ನುರಿತ ಕೆಲಸಗಾರನ ಕೈಯದೇ ಆಗಿರಬೇಕೆಂಬುದು ಕ್ಲಬ್ಬಿನ ನಿಯಮ. ಬೆಳಿಗ್ಗೆ, ಬಣ್ಣ ಒಣಗುವ ಮುನ್ನ, ತಿಮ್ಮಯ್ಯನವರು ಮೊಳೆಯೊಂದನ್ನು ಹಿಡಿದು ಆಕ್ಸಲ್ಲಿನ ತುದಿಯಲ್ಲಿ ಸಾಲಾಗಿ ಮೂರು ಚುಕ್ಕಿ ಹೊಡೆದರು.

ಮೆರವಣಿಗೆ ತ್ರ್ಯಂಬಕದ ರಸ್ತೆಯಲ್ಲಿ ಸಾಗುವಾಗ, ತಾನೊಂದಿಷ್ಟು ಓಡಿಸುತ್ತೇನೆಂದು ಕಿಟ್ಟಣ್ಣ ಸ್ಟೀರಿಂಗ್ ಹಿಡಿದಿದ್ದಾಗ, ಒಂದು ಉಬ್ಬು ದಾಟುತ್ತಲೇ ಆಕ್ಸಲ್ಲು ಗಾಜಿನಂತೆ ಮುರಿಯಿತು.

*

ಹೆಣ ಎತ್ತುವ ಹೊತ್ತಾಗುತ್ತಿತ್ತು. ಒಳಗಿನಿಂದ ಚಂದ್ರಾಮಪ್ಪನ ಹೆಂಡತಿ ಚನಬಸವ್ವ ಬಂದಳು. ಹಿಂದೆ ಮಗಳು ಶಿವಗಂಗಾ. ನಾಸಿಕದಲ್ಲೇ ಹುಟ್ಟಿ ಬೆಳೆದ, ಮಾತಿನಲ್ಲಿ ಮರಾಠಿ ಬೆರೆತ ಹುಡುಗಿ. ಈಗ ಇಲ್ಲಿಯ ಕಂಪನಿಯೊಂದರಲ್ಲಿ ಗುಮಾಸ್ತೆ. ಚನಬಸವ್ವ ತಿಮ್ಮಯ್ಯನವರ ಮುಂದೆ ನಿಂತು ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು.

“ನಿಮ್ಮ ಗಾಡಿ ಹಾಳಾತು, ಈ ಸಾಹೇಬ್ರ ಕಾಲು ಹೋತು. ಆದರೂ ಇಬ್ಬರೂ ಮಣ್ಣಿಗೆ ಬಂದೀರಿ. ನಮ್ಮ ಮನೆತನದಾಗ ಒಂದು ಪದ್ಧತಿ ಅದರಿ. ಸತ್ತವರಿಂದ ನೊಂದವರು ಮೊದಲು ಮಣ್ಣು ಕೊಟ್ಟು, ‘ಬಿಟ್ಟೀನಿ, ಹಗುರ ಹೋಗು’ ಅನ್ನಬೇಕು. ಆಮ್ಯಾಲ ಮನಿಯವರು. ಅಷ್ಟ ಒಂದು ಅಂದುಬಿಡ್ರಿ. ಅವರ ಪರವಾಗಿ ನಾ ತಪ್ಪಾತು ಅಂತೀನಿ.”

ಹಾಗೆಂದವಳೇ ಬಾಗಿ ಕಾಲು ಮುಟ್ಟಹೋದಳು. ತಿಮ್ಮಯ್ಯನವರು ಹಿಂದಕ್ಕೆ ಜಿಗಿದರು. ಅದನ್ನು ದೊಡ್ಡವರ ಸಂಕೋಚವೆಂದೇ ಎಲ್ಲರೂ ತಿಳಿದರು. ಕಿಟ್ಟಣ್ಣನವರಂತೂ ಅವಳ ತಲೆಯ ಮೇಲೆ ಕೈಯಿಟ್ಟು, ಧಾರಾಳವಾಗಿ ಹೇಳುವೆನಮ್ಮಾ, ನನ್ನ ಸಿಟ್ಟು ಎಂದೋ ಇಳಿದಿದೆ ಎಂದು ಸಮಾಧಾನ ಹೇಳಿದರು.

*

ಮುರಿದ ಆಕ್ಸಲ್ಲನ್ನು ಕ್ಲಬ್ಬಿನವರು ಕುಲುಮೆಯ ಮುಂದೆ ಎಸೆದುಹೋದ ದಿನ ತಿಮ್ಮಯ್ಯನವರು ಅವರ ಹಿಂದೆಯೇ ಅಲ್ಲಿಗೆ ಹೋಗಿದ್ದರು. ಚಂದ್ರಾಮಪ್ಪ ಮುರಿದ ಬಾಯಿಯ ಮೇಲೆ ಬೆರಳಾಡಿಸಿದ. ಆಮೇಲೆ ಬಣ್ಣ ಕೆರೆದು ಚುಕ್ಕಿಗಳನ್ನು ನೋಡಿದ. ಬಹಳ ಹೊತ್ತು ನೋಡಿದ.

“ನೀರು ಕುಡಿಸೀರಿ ಇದಕ್ಕ” ಎಂದ. ಚುಕ್ಕಿಗಳ ಮಾತು ಎತ್ತಲೇ ಇಲ್ಲ.

ತಿಮ್ಮಯ್ಯನವರು ಬೇಡಿಕೊಂಡರು. ತಪಾಸಣೆಯ ಅಧಿಕಾರಿ ಬೇರೆಯವನ ಗುರುತನ್ನು ಕದ್ದನೆಂದು ಕಾರ್ಖಾನೆಗೆ ತಿಳಿದರೆ ಉಳಿಯುವುದೇನು? ನಿವೃತ್ತಿಗೆ ಎರಡೇ ವರ್ಷ. ನಿವೃತ್ತನಾದ ದಿನವೇ ಕ್ಲಬ್ಬಿನಲ್ಲಿ, ಲಾರಿಯವರ ಮುಂದೆ, ನಾನೇ ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ತಡೆದುಕೋ ಎಂದರು. ಚಂದ್ರಾಮಪ್ಪ ತಿದಿಯ ಹಗ್ಗ ಹಿಡಿದು ಕುಳಿತಿದ್ದ. ಊದಲಿಲ್ಲ.

“ಆತ್ರಿ. ಎರಡು ವರ್ಷ ಎಷ್ಟರ ಮಾತು.”

ಎರಡು ವರ್ಷ ಕುಲುಮೆ ತಡೆಯಲಿಲ್ಲ. ಎಂಟೇ ತಿಂಗಳಿಗೆ ಮುಚ್ಚಿತು. ತಿಮ್ಮಯ್ಯನವರು ನಿವೃತ್ತರಾದ ದಿನ ಕಾರ್ಖಾನೆಯವರು ಶಾಲು ಹೊದಿಸಿ, ತಮ್ಮ ಮುದ್ರೆಯನ್ನು ಒಮ್ಮೆಯೂ ಮಾಸಗೊಡದವರು ಎಂದು ಭಾಷಣ ಮಾಡಿದರು. ಸೋಮವಾರ ಕ್ಲಬ್ಬಿಗೆ ಹೋಗುವುದೆಂದುಕೊಂಡರು. ಆ ಸೋಮವಾರ ನೆಗಡಿಯಾಯಿತು. ಮುಂದಿನದಕ್ಕೆ ನೆಂಟರು ಬಂದರು. ಹೇಳದೆ ಕಳೆದ ಒಂದೊಂದು ವಾರವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು.

ಮೂರು ವರ್ಷದ ಹಿಂದೆ ಮೊಮ್ಮಗಳಿಗೆ ಕೋಟೆ ತೋರಿಸಲೆಂದು ದೌಲತಾಬಾದಿಗೆ ಹೋದಾಗ, ರಸ್ತೆಬದಿಯಲ್ಲಿ ಕಬ್ಬಿನಹಾಲಿನ ಗಾಣಕ್ಕೆ ಹಲ್ಲು ಕೂಡಿಸುತ್ತಿದ್ದ ಮುದುಕ ತಲೆಯೆತ್ತಿದ. ಚಂದ್ರಾಮಪ್ಪ. ಎದ್ದು ಕೈಮುಗಿದ, ಆರೋಗ್ಯ ಕೇಳಿದ, ಮೊಮ್ಮಗಳಿಗೆ ಐಸು ಬೇಡವೆಂದು ಹೇಳಿ ತಾನೇ ಲೋಟ ತೊಳೆದು ಕಬ್ಬಿನಹಾಲು ಕೊಡಿಸಿದ. ಹೊರಡುವಾಗ, “ನಿವೃತ್ತಿ ಆತೇನ್ರಿ ಸಾಹೇಬ್ರ?” ಎಂದು ಮಾತ್ರ ಕೇಳಿದ. ತಿಮ್ಮಯ್ಯನವರು ಮೊಮ್ಮಗಳ ಟೊಪ್ಪಿ ಸರಿಪಡಿಸುತ್ತ, ಕೇಳಿಸದವರಂತೆ ಕಾರು ಹತ್ತಿದರು.

*

ಸಮಾಜದ ಸ್ಮಶಾನದಲ್ಲಿ ಗುಣಿ ಸಿದ್ಧವಿತ್ತು. ಚಂದ್ರಾಮಪ್ಪನನ್ನು ಕುಳಿತಂತೆಯೇ ಇಳಿಸಿ, ಅಂಗೈಯಲ್ಲಿ ಲಿಂಗವಿರಿಸಿ, ಸುತ್ತ ವಿಭೂತಿಗಟ್ಟಿ, ಬಿಲ್ವಪತ್ರೆ, ಉಪ್ಪು ತುಂಬಿದರು. ಅಯ್ಯನವರ ಮಂತ್ರ ಮುಗಿಯಿತು. ಕಿಟ್ಟಣ್ಣ ಕುಂಟುತ್ತ ಅಂಚಿಗೆ ಹೋಗಿ, “ಬಿಟ್ಟಿದ್ದೇನಪ್ಪಾ, ಹಗುರವಾಗಿ ಹೋಗು” ಎಂದು ಮಣ್ಣು ಹಾಕಿದರು. ಚನಬಸವ್ವ ಕೈಜೋಡಿಸಿದಳು. ಎಲ್ಲರ ಕಣ್ಣೂ ತಿಮ್ಮಯ್ಯನವರತ್ತ ತಿರುಗಿತು.

ಅವರು ಬಗ್ಗಿ ಹಿಡಿಯಷ್ಟು ಮಣ್ಣು ತೆಗೆದುಕೊಂಡರು. ಒಂದು ಮಾತು, ಅಂದುಬಿಟ್ಟರೆ ಸಂಜೆಯ ಗಾಡಿಗೆ ನಾಸಿಕ. ಕೆಳಗೆ ವಿಭೂತಿಯ ಹಣೆ ತುಸು ಬಾಗಿ, ಅವರು ಹೇಳುವುದನ್ನು ಕೇಳಲು ಕುಳಿತಂತಿತ್ತು.

“ಬಿಟ್ಟೆ...” ಎಂದರು. ಸೋಮಲಿಂಗ ಮೆಲ್ಲನೆ, “ಹಗುರ ಹೋಗು ಅನ್ರಿ” ಎಂದು ನೆನಪಿಸಿದ.

“ಬಿಡಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ ತಾಯಿ” ಎಂದರು ತಿಮ್ಮಯ್ಯನವರು. “ಆ ಆಕ್ಸಲ್ಲು ಇವರ ಕೆಲಸ ಅಲ್ಲ. ಕಾಯಿಸಿದ್ದು ನಾನು, ನೀರು ಹಾಕಿದ್ದು ನಾನು. ಇವರ ಚುಕ್ಕಿ ಹೊಡೆದದ್ದೂ ನಾನೇ.”

ಕಿಟ್ಟಣ್ಣನವರ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಗಿ ಅಲ್ಲೇ ನಿಂತಿತು. ಮೊದಲು ಬಾಯಿ ತೆರೆದವಳು ಶಿವಗಂಗಾ.

“ಅಪ್ಪಾಗ ಮಾಹೀತ ಇತ್ತಾ?”

“ಗೊತ್ತಿತ್ತಮ್ಮ. ನಾನು ನಿವೃತ್ತನಾಗುವವರೆಗೆ ಸುಮ್ಮನಿರು ಎಂದು ಬೇಡಿಕೊಂಡಿದ್ದೆ.”

“ಕಧೀ ಆದ್ರಿ ರಿಟೈರ್?”

“ಏಳು ವರ್ಷ ಆಯಿತು.”

ಚನಬಸವ್ವ ಅವರತ್ತ ನೋಡಲಿಲ್ಲ. ಅವಳು ಗುಣಿಯೊಳಗೆ ನೋಡುತ್ತಿದ್ದಳು.

“ಒಂಬತ್ತು ವರ್ಷ ಅಂದೀನಿ ಇವರಿಗೆ” ಎಂದಳು, ತನಗೇ ಹೇಳಿಕೊಳ್ಳುವವಳಂತೆ. “ರೊಟ್ಟಿ ಬಡೀತ ಅಂದೀನಿ, ನೀರು ಕಾಸತ ಅಂದೀನಿ. ನಿಮ್ಮ ಕೈ ಸತ್ತೈತಿ, ನಮ್ಮನ್ನ ಬೀದಿಗೆ ತಂದ್ರಿ ಅಂತ. ನಿನ್ನಿ ಮುಂಜಾನೆನೂ ಅಂದೀನಿ.”

ತಡೆಯುವ ಮುನ್ನವೇ ಅವಳು ಗುಣಿಗೆ ಇಳಿದಿದ್ದಳು. ಉಪ್ಪು ವಿಭೂತಿಗಳ ನಡುವೆ ಮಂಡಿಯೂರಿ, ಗಂಡನ ಬಲಗೈಯನ್ನು ಎತ್ತಿಕೊಂಡು ಅದರ ಒರಟು ಬೆರಳುಗಳನ್ನು ಒಂದೊಂದಾಗಿ ಸವರಿದಳು. ಅಯ್ಯನವರು ಹೊತ್ತು ಮೀರುತ್ತದೆ ಎನ್ನಲಿಲ್ಲ. ಸೋಮಲಿಂಗ ಇಳಿದು ಅವಳ ತೋಳು ಹಿಡಿದು ಮೇಲೆ ತಂದ.

ಆಮೇಲೆ ಜನ ಸರದಿಯಲ್ಲಿ ಮಣ್ಣು ಕೊಡತೊಡಗಿದರು. ತಿಮ್ಮಯ್ಯನವರು ಹಿಡಿದ ಮಣ್ಣಿನೊಡನೆ ಒಂದು ಹೆಜ್ಜೆ ಮುಂದಿಟ್ಟಾಗ ಶಿವಗಂಗಾ ಅಡ್ಡ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಕಾಕಾ, ನೀವು ಹಾಕಬ್ಯಾಡ್ರಿ.”

ಸರದಿ ಅವರನ್ನು ಬಳಸಿಕೊಂಡು ಸಾಗಿತು. ಕಿಟ್ಟಣ್ಣ ಊರುಗೋಲಿಲ್ಲದೆ ಕುಂಟುತ್ತ ಒಬ್ಬರೇ ಗೇಟಿನ ಕಡೆಗೆ ಹೋದರು.

ಗೇಟಿನ ಬಳಿಯ ನಲ್ಲಿಯಲ್ಲಿ ಕೂಲಿಯವರು ಕೈಕಾಲು ತೊಳೆಯುತ್ತಿದ್ದರು. ಕೊನೆಯವರಾಗಿ ತಿಮ್ಮಯ್ಯನವರ ಸರದಿ ಬಂತು. ನಡೆದುದು ಏನೆಂದು ತಿಳಿಯದ, ಹಿಂದಿನಿಂದ ಬಂದವನೊಬ್ಬ ಮರ್ಯಾದೆಯಿಂದ ನಲ್ಲಿ ತಿರುಗಿಸಿ ಹಿಡಿದ. ನೀರು ಅವರ ಬಿಗಿದ ಮುಷ್ಟಿಯ ಮೇಲೆ ಸುರಿಯಿತು. “ಅಜ್ಜಾರ, ಕೈ ಬಿಚ್ಚರಿ, ನೀರು ಸುಮ್ಮ ಹೊಂಟೈತಿ” ಎಂದ ಅವನು. ಬೆರಳುಗಳು ಬಿಚ್ಚಲಿಲ್ಲ; ಅವುಗಳ ಸಂದಿಯಿಂದ ಕಪ್ಪು ನೀರು ಎಳೆಯೆಳೆಯಾಗಿ ಇಳಿದು, ಇಸ್ತ್ರಿ ಮಾಡಿದ ಬಿಳಿಯ ತೋಳಿನೊಳಕ್ಕೆ ಹರಿಯುತ್ತಲೇ ಇತ್ತು.