ಶಿಲುಬೆಯ ಅಂಗಿಗೆ ಕಾವಲು

ಎಣ್ಣೆಸ್ನಾನವಾದ ಮೇಲೆ ಅಜ್ಜಿ ಬುಟ್ಟಿ ಕವುಚಿ, ಅದರ ಮೇಲೆ ನನ್ನ ಒದ್ದೆಗೂದಲು ಹರಡಿ, ಕೆಳಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಅಂಥದೇ ವಾಸನೆ ಮೊನ್ನೆ ಸಿಂಗಪುರದ ಉಬಿಯಲ್ಲಿ, ಒಂದು ಪುಟ್ಟ ಪ್ರದರ್ಶನದ ಹಾಲ್‌ನಲ್ಲಿ ಬಂತು. ಎಲ್ಮಿಯ ಬಟ್ಟೆಚೀಲದಲ್ಲಿ ಧೂಪಕ್ಕೆ ಹಾಕುವ ಮರದ ಅಂಟಿನ ತುಂಡುಗಳಿದ್ದವು. ಫೈರ್ ಅಲಾರಂ ಹೆದರಿಕೆಗೆ ಹಚ್ಚುವಂತಿರಲಿಲ್ಲ.

ಎಲ್ಮಿ ಮೆಕ್ಸಿಕೋದ ಮಾಯಾ ಜನಾಂಗದ ಹೆಂಗಸು. ತನ್ನ ಹಳ್ಳಿಯವರೇ ನಡೆಸುವ ಮ್ಯೂಸಿಯಂನಿಂದ, ಶಿಲುಬೆಗೆ ತೊಡಿಸುವ ಕಸೂತಿಯ ಬಿಳಿ ಅಂಗಿಯೊಂದನ್ನು ತಂದಿದ್ದಳು. ಅವಳ ಹಿರಿಯರು ಜಮೀನ್ದಾರರ ವಿರುದ್ಧ ದಂಗೆ ಎದ್ದು ಕಾಡು ಸೇರಿದವರು. ಅಂದಿನಿಂದ ಊರವರು ಶಿಲುಬೆಯನ್ನೂ ಅದರ ಅಂಗಿಯನ್ನೂ ಸರದಿಯಲ್ಲಿ ಕಾಯುತ್ತಾರೆ. ಕಾವಲು ತಪ್ಪಿದ ಅಂಗಿಯನ್ನು ಮತ್ತೆ ತೊಡಿಸುವಂತಿಲ್ಲ. ಜೊತೆಗೆ ಬರಬೇಕಿದ್ದ ತಂಗಿ ಜ್ವರದಿಂದ ಊರಲ್ಲೇ ಉಳಿದಿದ್ದಳು. ಎಲ್ಮಿ ಬಂದಾಗಿನಿಂದ ಸರಿಯಾಗಿ ಮಲಗಿರಲಿಲ್ಲ.

ಪ್ರದರ್ಶನದ ಉಸ್ತುವಾರಿ ಸುಘೋಷ್‌ದು. ನನ್ನ ಮಗಳ ಆಫೀಸಿನವನು. ಚರಿತ್ರೆ ಪಾಠ ಮಾಡಿದ್ದೀರಲ್ಲ ಎಂದು, ಬಂದವರಿಗೆ ವಿವರಿಸಲು ನನ್ನನ್ನು ಕರೆಸಿದ್ದ.

"ಆಂಟಿ, ನೀವಾದ್ರೂ ಅವ್ರಿಗೆ ಹೇಳಿ. ಊಟ ಮಾಡ್ಕೊಂಡು ರೆಸ್ಟ್ ಮಾಡ್ಲಿ. ಗ್ಲಾಸ್ ಲಾಕ್ ಮಾಡಿದೀನಿ, ಸಿಸಿಟಿವಿ ಬೇರೆ ಇದೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಮಿ ಕಣ್ಣುಜ್ಜಿಕೊಂಡಳು. "ಕ್ಯಾಮೆರಾಗೆ ಹಸಿವಾಗುತ್ತದಾ? ಹಸಿವಾಗದ್ದು ಎಂಥ ಕಾವಲು?"

"ದಂಗೆ ಮುಗ್ದು ನೂರು ವರ್ಷದ ಮೇಲಾಯ್ತಲ್ಲ ಆಂಟಿ! ಬೋರ್ಡಲ್ಲೇ ಬರ್ದಿದೀವಿ."

ಅವನೇನೆಂದ ಎಂದು ಎಲ್ಮಿ ಕೇಳಿದಳು. ಹೇಳಿದೆ.

"ಮುಗಿದಿದ್ದರೆ ನಾನ್ಯಾಕೆ ಇಲ್ಲಿ ಕೂತಿರುತ್ತಿದ್ದೆ?" ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಮಾತು ಮುಗಿಯುವಷ್ಟರಲ್ಲಿ ಅವಳ ತಲೆ ವಾಲಿತು. ಬೆಚ್ಚಿ ನೆಟ್ಟಗೆ ಕೂತಳು.

"ಈ ಸರದಿ ನಾನು ಕೂರಬಹುದಾ?" ಎಂದೆ.

ಅವಳು ನನ್ನತ್ತ ತಿರುಗಿದಳು. "ನಿದ್ದೆ ಹೋದರೆ?"

"ಈ ವಯಸ್ಸಲ್ಲಿ ರಾತ್ರಿಯೇ ನಿದ್ದೆ ಬರಲ್ಲಮ್ಮ."

ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಅಂಗೈಗೆ ಒಂದು ತುಂಡು ಅಂಟು ಇಟ್ಟು, ಗೋಡೆಬದಿಯ ಬೆಂಚಿನ ಮೇಲೆ ಉರುಳಿದಳು. ಆಗಲೇ ನಿದ್ದೆ.

ಮಂಡಿ ನೋಯುತ್ತಿತ್ತು. ಅಂಗಿಯ ಕಸೂತಿ ಅಲ್ಲಲ್ಲಿ ಬಿಟ್ಟಿತ್ತು. ಯಾರ್ಯಾರೋ ಬೇರೆ ಬೇರೆ ಕೆಂಪು ದಾರದಲ್ಲಿ ಹೊಲಿದು ಸರಿಮಾಡಿದ್ದರು.

"ನೀವೂ ಆ ಪಾರ್ಟಿ ಸೇರ್ಬಿಟ್ರಾ ಆಂಟಿ?" ಬಾಗಿಲಿಂದ ಸುಘೋಷ್ ರೇಗಿಸಿದ.

ನಾನು ಅಂಗಿಯಿಂದ ಕಣ್ಣು ತೆಗೆಯಲಿಲ್ಲ. ಅವನು ಹೊರಗೆ ಹೋದ.

ಮತ್ತೆ ಬಂದಾಗ ಹತ್ತಿರದ ಹಾಕರ್ ಸೆಂಟರ್‌ನ ಊಟದಂಗಡಿಯಿಂದ ಎರಡು ಪೊಟ್ಟಣ ತಂದಿದ್ದ. ಒಂದನ್ನು ಸದ್ದಾಗದಂತೆ ಎಲ್ಮಿಯ ತಲೆಯ ಹತ್ತಿರ ಇಟ್ಟ. ಇನ್ನೊಂದನ್ನು ಬಿಚ್ಚಿ, ಅನ್ನಕ್ಕೆ ಚಮಚ ಸಿಕ್ಕಿಸಿ, ಅಂಗಿಗೂ ನನಗೂ ಅಡ್ಡ ಬರದಂತೆ ಪಕ್ಕದಿಂದ ನನ್ನ ಕೈಗೆ ಕೊಟ್ಟ.