ಹತ್ತು ಬೆರಳಿನ ನಂಬರು

ಎಷ್ಟು ತಣ್ಣಗಿದೆ ಈ ಫೋನ್ ಕಂಪನಿಯ ಆಫೀಸಿನಲ್ಲಿ, ಮಗಳು ಮಹತಿಗೆ ಸ್ವೆಟರ್ ತರಬೇಕಿತ್ತು, ಕಲೂರಿನ ಈ ಬಿಸಿಲಲ್ಲಿ ಸ್ವೆಟರ್ ಯಾರಿಗೆ ಹೊಳೆಯುತ್ತದೆ — ಕೌಂಟರಿನ ಹುಡುಗಿ ಮತ್ತೆ ನಕ್ಕಳು, ಆ ನಗುವಿಗಿಷ್ಟು ಬೆಂಕಿ ಹಾಕ, ಚೇಚ್ಚಿ, ಸಾರ್ ನೇರಿಟ್ಟು ವರಣಂ, ನಾನು ಇವಳಿಗೆ ಅಕ್ಕನಂತೆ, ಗಂಡನ ಫೋನ್ ನಂಬರು ನನ್ನ ಹೆಸರಿಗೆ ಆಗಬೇಕಾದರೆ ಅವರೇ ಖುದ್ದಾಗಿ ಬರಬೇಕಂತೆ, ಬರಲಿ ತಾಯಿ, ನೀನೇ ಕರೆಸು, ಬಂದರೆ ನಿನ್ನ ಕಾಲಿಗೆ ಬೀಳುತ್ತೇನೆ, ನನ್ನ ಗಂಡ ಸತ್ತಿದ್ದಾರೆ ಎಂದು ಇನ್ನೆಷ್ಟು ಸಲ ಹೇಳಲಿ, ಮರಣಪತ್ರ ನಿನ್ನ ಮುಂದೆಯೇ ಇದೆಯಲ್ಲ — ಅದು ಬೇರೆ ಆಳು ಚೇಚ್ಚಿ, ಇದರಲ್ಲಿ ಪುತ್ತನ್‌ವೀಟ್ಟಿಲ್ ಯಜ್ಞನಾರಾಯಣ, ನಮ್ಮ ಕಸ್ಟಮರ್ ಬರೀ ಯಜ್ಞನಾರಾಯಣ. ಹೌದು, ಅದು ನನ್ನದೇ ಎಡವಟ್ಟು, ಅವರಿಗೆ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೆಲಸ, ನಾನೂ ಮಗಳೂ ಅವಳ ವಿಶೇಷ ಶಾಲೆಗಾಗಿ ಇಲ್ಲಿ ಕೊಚ್ಚಿಯಲ್ಲಿ, ಸುದ್ದಿ ಕೇಳಿ ಓಡಿದರೆ ಅಲ್ಲಿ ಮರಣ ಬರೆದುಕೊಳ್ಳುವವನು ಮನೆಹೆಸರೇನು ಅಂದ, ಈ ನಾಡಿನಲ್ಲಿ ಮನೆಹೆಸರಿಲ್ಲದ ಮನುಷ್ಯನೇ ಇಲ್ಲ, ನಾವು ಮೈಸೂರಿನವರು, ನಮಗೆಲ್ಲಿಯ ಮನೆಹೆಸರು, ಇಲ್ಲವೆಂದರೆ ಬಿಡಲಿಲ್ಲ, ಅಳುತ್ತಳುತ್ತಲೇ ಅವರಿದ್ದ ಬಾಡಿಗೆಮನೆಯ ಗೇಟಿನ ಮೇಲಿದ್ದ ಹೆಸರು ಹೇಳಿಬಿಟ್ಟೆ, ಮಾಲೀಕ ವಿನ್ಸೆಂಟರ ಮನೆತನ ನನ್ನ ಗಂಡನಿಗೆ ಅಂಟಿಕೊಂಡಿತು. ತಿರುವನಂತಪುರಕ್ಕೆ ಹೋಗಿ ತಿದ್ದುಪಡಿಗೆ ಕೊಟ್ಟು ಬಂದೆ, ಬರುವಷ್ಟರಲ್ಲಿ ಈ ಪುಣ್ಯಾತ್ಮರು ನಾನು ಕೊಟ್ಟಿದ್ದ ಅದೇ ಪತ್ರ ನೋಡಿ, ಕಸ್ಟಮರ್ ತೀರಿಕೊಂಡಿದ್ದಾರೆಂದು ಇವತ್ತು ಲೈನೇ ಕಡಿದಿದ್ದಾರೆ! ಕಡಿಯುವುದಕ್ಕೆ ಸತ್ತಿದ್ದಾರೆ, ನನಗೆ ಕೊಡುವುದಕ್ಕೆ ಮಾತ್ರ ಬದುಕಿದ್ದಾರೆ, ನಾಚಿಕೆ ಮಾನ ಮರ್ಯಾದೆ ಒಂದೂ ಬೇಡವೇ.

ಸ್ವಲ್ಪ ದಿನ ಕಳೆದರೆ ಆ ನಂಬರು ಇನ್ಯಾರಿಗೋ ಹೋಗುತ್ತದಂತೆ, ಹೊಸದು ತಗೊಳ್ಳಿ ಚೇಚ್ಚಿ, ಮೋಳಿಗೆ, ಮಗಳಿಗೆ, ಹೇಳಿಕೊಟ್ಟರಾಯಿತು, ಏನು ಮಹಾ ಕಷ್ಟ — ನಿನಗೇನು ಗೊತ್ತು ಕಷ್ಟ, ಮಹತಿ ಇಪ್ಪತ್ತು ದಾಟಿದ ಹೆಣ್ಣು, ಮನಸ್ಸು ಇನ್ನೂ ಮಗುವಿನದು, ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಾಳೆ, ದಾರಿ ತಪ್ಪಿದರೆ ಅವಳಿಗಿರುವುದು ಅಪ್ಪನ ನಂಬರೊಂದೇ, ನನ್ನದನ್ನು ಕಲಿಸಲು ಹೋಗಿ ನಾನು ಸೋತವಳು, ಅವರು ಸೋಲಲಿಲ್ಲ, ವರ್ಷಗಟ್ಟಲೆ ಪ್ರತಿ ರಜೆಯಲ್ಲೂ ಅವಳ ಕೈ ಹಿಡಿದು ಕೂತರು, ಒಂದು ಬೆರಳಿಗೆ ಒಂದು ಅಂಕೆ, ಹೇಳುತ್ತಾ ಮಡಚುವುದು, ಹತ್ತೂ ಮಡಚಿದಾಗ ಎರಡು ಮುಷ್ಟಿ, ಆಗ ನಾನು ಡಯಲ್ ಮಾಡಬೇಕು, ಅವರ ಜೇಬಿನಲ್ಲಿ ರಿಂಗಾಗಬೇಕು, ರಿಂಗಾದರೇ ಮುಷ್ಟಿ ಬಿಚ್ಚುವುದು. ಫೋರ್ಟ್ ಕೊಚ್ಚಿಯಲ್ಲಿ ಜಾತ್ರೆಯಂಥ ಜನರ ನಡುವೆ ಕಳೆದುಹೋದಾಗ ಹೋಟೆಲಿನವಳೊಬ್ಬಳ ಮುಂದೆ ಹಾಗೆಯೇ ಮುಷ್ಟಿ ಮಡಚಿದಳಂತೆ, ಆ ತಾಯಿ ಫೋನು ಮಾಡಿದಳು, ಮಗಳು ಸಿಕ್ಕಳು. ಅವರು ಹೋದ ಮೇಲೆ ಆ ಫೋನು ನನ್ನ ಚೀಲದಲ್ಲಿದೆ, ರಿಂಗಾದರೆ ನಾನೇ ಎತ್ತುತ್ತೇನೆ, ಇನ್ನು ಯಾರು ಎತ್ತುತ್ತಾರೆ, ಯಾವ ಊರಿನ ಯಾವ ಗಂಡಸು, ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು — ಅಯ್ಯೋ, ಈ ಹುಡುಗಿ ಮಹತಿಯನ್ನು ಮಾತಾಡಿಸುತ್ತಿದ್ದಾಳೆ, ಮೋಳೇ, ನಂಬರ್ ಪರಯೂ, ಹೇಳು ಅಂತೆ, ಬೇಡ, ಕೇಳಬೇಡ, ಆಗಲೇ ಶುರುಮಾಡಿದಳು, ಎಡಗೈ ಮುಗಿಯಿತು, ಬಲಗೈ, ಕಿರುಬೆರಳು, ಈ ಪೆದ್ದಿ ಡಯಲ್ ಬೇರೆ ಮಾಡಿದಳು, ಸ್ಪೀಕರಿನಲ್ಲಿ ಯಾವಳೋ ಮಲಯಾಳದಲ್ಲಿ ಅಂಥ ನಂಬರೇ ಇಲ್ಲ ಎನ್ನುತ್ತಿದ್ದಾಳೆ, ಹುಡುಗಿಯ ನಗು ಹೋಯಿತು, ಮಹತಿ ನನ್ನ ಕಡೆ ತಿರುಗಿದಳು, ಅಮ್ಮಾ, ಅಪ್ಪ ಎಡುಕ್ಕುನ್ನಿಲ್ಲ, ಎತ್ತುತ್ತಾರೆ ಚಿನ್ನ, ಕೈ ಬಿಡು, ಬೆರಳು ಬಿಚ್ಚು, ನಾನೇ ಬಿಚ್ಚಲು ನೋಡುತ್ತೇನೆ, ಬರುತ್ತಿಲ್ಲ, ಉಗುರು ಅಂಗೈಗೆ ಇಳಿದಿದೆ, ನನ್ನ ಚೀಲದ ಕಡೆಗೇ ನೋಡುತ್ತಿದ್ದಾಳೆ, ಮುಷ್ಟಿ, ಎರಡು ಮುಷ್ಟಿ —