ಕೇಳದೇ ಬಿಟ್ಟ ಕೋನ

ಬಿಳಿಚೋಡಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಉಷಾರಾಣಿ ಗಣಿತದ ಶಿಕ್ಷಕಿ. ಒಂಬತ್ತನೇ ತರಗತಿಯ ರೇಖಾಗಣಿತದ ಕಿರುಪರೀಕ್ಷೆಗೆ ಅವಳೇ ಪ್ರಶ್ನೆ ಬರೆದು, ಜಗಳೂರಿನಲ್ಲಿ ಜೆರಾಕ್ಸ್ ಮಾಡಿಸಿ ತಂದಿದ್ದಳು. ಸಮಾಂತರ ರೇಖೆಗಳ ನಡುವೆ ಒಂದು ತ್ರಿಭುಜ, ಎರಡು ಕೋನಗಳ ಅಳತೆ, ಎಲ್ಲ ಸರಿಯಾಗಿತ್ತು. ‘ಕೋನ BAC ಕಂಡುಹಿಡಿಯಿರಿ’ ಎಂಬ ಕೊನೆಯ ಸಾಲು ಮಾತ್ರ ಅಚ್ಚಾಗಿರಲಿಲ್ಲ.

“ಮೇಡಂ, ಏನ್ ಕಂಡುಹಿಡೀಬೇಕು ಅಂತಾನೇ ಇಲ್ಲಲ್ರೀ,” ಎಂದರು ಮಕ್ಕಳು.

ಉಷಾರಾಣಿಗೆ ಅವತ್ತು ಜ್ವರ. ಎದ್ದು ಬೋರ್ಡಿನ ಮೇಲೆ ಬರೆಯುವ ಶಕ್ತಿ ಇರಲಿಲ್ಲ. “ಗೊತ್ತಾದ ಕೋನ ಎಲ್ಲಾ ಬರೀರಿ,” ಎಂದು ಕುಳಿತೇ ಹೇಳಿದಳು.

ಉತ್ತರಪತ್ರಿಕೆ ನೋಡುವಾಗ ಅಂಜಿನಮ್ಮನ ಹಾಳೆ ಬಂತು. ರೇಖಾಗಣಿತ ಬಂದರೆ ಪ್ರಶ್ನೆಯ ಸಂಖ್ಯೆಯೊಂದನ್ನೇ ಬರೆದು ಕೊಡುವ ಹುಡುಗಿ ಅವಳು. ಈ ಸಲ ಏಳು ಕೋನ ಬರೆದಿದ್ದಳು, ಕಾರಣದ ಸಮೇತ. ಐದನೆಯದು BAC. ಹಾಗೆ ಬರೆಯುತ್ತಾ BAC ತಲುಪಿದವರು ತರಗತಿಯಲ್ಲಿ ಇನ್ನೂ ಹದಿನಾರು ಮಂದಿ ಇದ್ದರು.

ಮುಖ್ಯೋಪಾಧ್ಯಾಯ ಮಲ್ಲಿಕಾರ್ಜುನಪ್ಪನವರು ಒಪ್ಪಲಿಲ್ಲ. “ಪ್ರಶ್ನೆನೇ ಕೇಳಿಲ್ಲ, ಮಾರ್ಕ್ಸ್ ಹೆಂಗೆ ಕೊಡಾಕಾಗುತ್ತೆ ಮೇಡಂ? ಇನ್ನೊಂದ್ಸಲ ಮಾಡ್ರಿ.”

ಅಳತೆ ಬದಲಿಸಿ, ಕೊನೆಯ ಸಾಲನ್ನೂ ಸೇರಿಸಿ, ಮರುಪರೀಕ್ಷೆ ನಡೆಯಿತು. ಉತ್ತರ ತಲುಪಿದವರು ಐವರು. ಅಂಜಿನಮ್ಮನ ಹಾಳೆ ಖಾಲಿ.

“ಹೋದ್ಸಲ ಬರೆದಿದ್ಯಲ್ಲವ್ವ, ಈಗೇನಾಯ್ತು?”

“ಅವಾಗ ಕಂಡಿದ್ದು ಬರೀತಾ ಹೋದೆ ಮೇಡಂ. ಈ ಸಲ BAC ಬೇಕು ಅಂತ ಐತೆ. ಅದನ್ನೇ ನೋಡ್ತಾ ಕೂತೆ. ಅಲ್ಲಿಗೆ ಹೋಗಾಕೆ ಎಲ್ಲಿಂದ ಶುರು ಮಾಡ್ಬೇಕು ಅಂತ ಯೋಚನೆ ಮಾಡಿ ಮಾಡಿ ತಲೆ ಬಿಸಿಯಾತು. ಬೆಲ್ ಹೊಡೀತು.”

ಹನ್ನೊಂದು ವರ್ಷಗಳಿಂದ ಮಕ್ಕಳ ಕಣ್ಣನ್ನು ಆ ಒಂದು ಕೋನದ ಮೇಲೆ ಕಟ್ಟಿಹಾಕುತ್ತಿದ್ದವಳು ತಾನೇ ಎಂದು ಉಷಾರಾಣಿಗೆ ನಾಚಿಕೆಯಾಯಿತು.

ಮುಂದಿನ ಐದು ವಾರ ತರಗತಿಯಲ್ಲಿ ಅವಳು ಯಾವ ಕೋನವನ್ನೂ ಹೆಸರಿಟ್ಟು ಕೇಳಲಿಲ್ಲ. ಚಿತ್ರ ಬರೆದು, ಕಂಡದ್ದನ್ನೆಲ್ಲ ಬರೆಯಲು ಬಿಟ್ಟಳು. ಮಲ್ಲಿಕಾರ್ಜುನಪ್ಪನವರು ಎರಡು ಸಲ ಕಿಟಕಿಯಲ್ಲಿ ನಿಂತು ನೋಡಿದರು. ಎರಡನೆಯ ಸಲ ಅವರೂ ಮನಸ್ಸಿನಲ್ಲೇ ಮೂರು ಕೋನ ಲೆಕ್ಕ ಹಾಕಿದರು. ಒಂದು ತಪ್ಪಿತ್ತು.

ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆ ಮಾಮೂಲಿನಂತೆ ಒಂದೇ ಕೋನ ಕೇಳಿತು. ಮೂವತ್ತೆಂಟು ಮಂದಿಯಲ್ಲಿ ಇಪ್ಪತ್ತಾರು ಮಂದಿಗೆ ಉತ್ತರ ಬಂತು. ಅಂಜಿನಮ್ಮ ಒಂಬತ್ತು ಕೋನ ಬರೆದು, ಕೇಳಿದ್ದು ಯಾವುದೆಂದು ಗುರುತು ಮಾಡುವುದನ್ನು ಮರೆತಿದ್ದಳು. ನಾಲ್ಕಕ್ಕೆ ಮೂರು ಸಿಕ್ಕಿತು.

ಅವಳು ಸ್ಟಾಫ್ ರೂಮಿಗೇ ಬಂದಳು. “ಇದರಾಗೆ ಐತಲ್ರೀ ಮೇಡಂ, ನೋಡ್ರಿ. ಒಂದು ಮಾರ್ಕ್ಸ್ ಯಾಕೆ ಕಡಿಮೆ ಮಾಡೀರಿ?”

ಹತ್ತು ನಿಮಿಷ ವಾದ ಮಾಡಿದಳು. ಉಷಾರಾಣಿ ಅಂಕ ಕೊಡಲಿಲ್ಲ. ಆದರೆ ಹತ್ತು ನಿಮಿಷವೂ ಕೂತು ಕೇಳಿಸಿಕೊಂಡಳು.